ವೆಲ್ಡ್ ಕಂಟ್ರೋಲರ್ ಔಟ್‌ಪುಟ್: ‘ಆನ್’ ಬರೆದ ಕೂಡಲೇ ‘ಆಫ್’ ಕೂಡ ಬರೆಯಿರಿ
ಸ್ಪಾಟ್ ವೆಲ್ಡಿಂಗ್ ಕಂಟ್ರೋಲರ್‌ನಲ್ಲಿ ಔಟ್‌ಪುಟ್ (ಬೇರೆ ಸಾಧನಗಳಿಗೆ ಹೋಗುವ ಆನ್/ಆಫ್ ಸಿಗ್ನಲ್) ಪ್ರೋಗ್ರಾಂ ಮಾಡುವ ಹೊಸಬರಿಗೆ ಒಂದು ಸಲಹೆ. ಶೆಡ್ಯೂಲ್‌ನಲ್ಲಿ, ಅಂದರೆ ಒಂದು ಬೆಸುಗೆಯ ಹಂತಗಳ ಪಟ್ಟಿಯಲ್ಲಿ, ಸ್ಕ್ವೀಜ್ (ಗನ್ ಒತ್ತುವುದು), ವೆಲ್ಡ್ (ಕರೆಂಟ್ ಹರಿಸುವುದು), ಹೋಲ್ಡ್ (ಕರೆಂಟ್ ನಿಂತ ಮೇಲೂ ಒತ್ತಿ ಹಿಡಿಯುವುದು) ಸಮಯ ತುಂಬಿಸುವುದು ಸುಲಭ. ಎಡವಟ್ಟಾಗುವುದು ‘ವೆಲ್ಡ್ ಮುಗಿಯಿತು’ ಎಂಬ ಸಿಗ್ನಲ್‌ನಲ್ಲಿ.

ಅದನ್ನು ಕರೆಂಟ್ ನಿಂತ ತಕ್ಷಣ ಆನ್ ಮಾಡಬೇಡಿ, ಹೋಲ್ಡ್ ಮುಗಿದ ಮೇಲೆ ಮಾಡಿ. ಹೋಲ್ಡ್ ಸಮಯದಲ್ಲೇ ಕರಗಿದ ಲೋಹ ಒತ್ತಡದಡಿ ಗಟ್ಟಿಯಾಗುವುದು. ರೋಬೋಟ್ ಅವಸರಪಟ್ಟು ಗನ್ ಎಳೆದರೆ ಬೆಸುಗೆ ಹಾಳು.

ಇನ್ನೊಂದು, ಸಿಗ್ನಲ್ ಎಷ್ಟು ಹೊತ್ತು ಇರಬೇಕು? ಹಲವು ಕಂಟ್ರೋಲರ್‌ಗಳಲ್ಲಿ ಸಮಯವನ್ನು ಸೈಕಲ್‌ಗಳಲ್ಲಿ ಕೊಡುತ್ತೇವೆ. 50 ಹರ್ಟ್ಸ್‌ನಲ್ಲಿ ಒಂದು ಸೈಕಲ್ ಎಂದರೆ 20 ಮಿಲಿಸೆಕೆಂಡ್. ಸಿಗ್ನಲ್ ಒಂದೇ ಸೈಕಲ್ ಇದ್ದು, ಪಿಎಲ್‌ಸಿಯ (ಲೈನ್ ನಡೆಸುವ ಕಂಪ್ಯೂಟರ್) ಸ್ಕ್ಯಾನ್ (ಪ್ರೋಗ್ರಾಂನ ಒಂದು ಸುತ್ತು) ಜೊತೆಗೆ ಇನ್‌ಪುಟ್ ಫಿಲ್ಟರ್ (ಕ್ಷಣಿಕ ಸಿಗ್ನಲ್ ಕಡೆಗಣಿಸುವ ವ್ಯವಸ್ಥೆ) ಸಮಯ ಅದಕ್ಕಿಂತ ಹೆಚ್ಚಿದ್ದರೆ ಸಿಗ್ನಲ್ ಬಂದದ್ದೇ ಪಿಎಲ್‌ಸಿಗೆ ಗೊತ್ತಾಗದು. ನಾನು ಒಮ್ಮೆ ಅರ್ಧ ದಿನ ವೈರ್ ಹುಡುಕಿದ್ದೆ, ತಪ್ಪು ಇದ್ದದ್ದು ಇಲ್ಲಿ! ಈಗ ಟ್ರಿಗರ್ (ಬೆಸುಗೆ ಶುರುಮಾಡುವ ಸಿಗ್ನಲ್) ಬಿಡುವವರೆಗೂ ಔಟ್‌ಪುಟ್ ಹಿಡಿದಿಡುತ್ತೇನೆ, ಜೊತೆಗೆ ಮುಂದಿನ ಶೆಡ್ಯೂಲ್‌ನ ಮೊದಲ ಸಾಲಲ್ಲೇ ಆಫ್ ಮಾಡುತ್ತೇನೆ. ಇಲ್ಲದಿದ್ದರೆ ಹಳೆಯ ‘ಮುಗಿಯಿತು’ ಹೊಸ ಬೆಸುಗೆಗೂ ಲೆಕ್ಕವಾಗಿಬಿಡುತ್ತದೆ.

ದೋಷ ತಿಳಿಸುವ ಫಾಲ್ಟ್ ಔಟ್‌ಪುಟ್ ಮಾತ್ರ ಉಲ್ಟಾ ಇರಲಿ: ಎಲ್ಲ ಸರಿಯಿದ್ದಾಗ ಆನ್, ದೋಷ ಬಂದರೆ ಆಫ್. ಆಗ ವೈರ್ ತುಂಡಾದರೂ ಲೈನ್ ನಿಲ್ಲುತ್ತದೆ. ಔಟ್‌ಪುಟ್‌ಗೆ ಡಿಸಿ ಸೊಲೆನಾಯ್ಡ್ ವಾಲ್ವ್ (ವಿದ್ಯುತ್ತಿನಿಂದ ತೆರೆದು ಮುಚ್ಚುವ ವಾಲ್ವ್) ಕಟ್ಟಿದ್ದರೆ, ಆಫ್ ಆದಾಗ ಏಳುವ ವೋಲ್ಟೇಜ್ ತಡೆಯಲು ಅದರ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿ, ಧ್ರುವ ನೋಡಿಕೊಂಡು. ಎಮರ್ಜೆನ್ಸಿ ಸ್ಟಾಪನ್ನು ಇಂಥ ಔಟ್‌ಪುಟ್‌ಗೆ ಕಟ್ಟಲೇಬೇಡಿ, ಅದಕ್ಕೆ ಪ್ರತ್ಯೇಕ ಸೇಫ್ಟಿ ರಿಲೇ ಬೇಕು.

ಮೊದಲ ಪರೀಕ್ಷೆ ಕರೆಂಟ್ ಹರಿಯದ ‘ನೋ ವೆಲ್ಡ್’ ಮೋಡ್‌ನಲ್ಲೇ ಮಾಡಿ. ಆಗಲೂ ಗನ್ ಮುಚ್ಚುತ್ತದೆ, ಬೆರಳು ದೂರವಿರಲಿ.