ಮೋಟರ್‌ಹೋಮಿಗೆ ಸ್ಟೆಪ್ನಿ ಬೇಕೇ? ನಾನು ಹಾಕಿದ ಲೆಕ್ಕ

ನಮ್ಮ ಮೋಟರ್‌ಹೋಮ್ ಸ್ಟೆಪ್ನಿ ಇಲ್ಲದೆ ಬಂದ ಗಾಡಿ. ಫೋರ್ಡ್ ಇ-450 ಚಾಸಿಯ ಮೇಲೆ ಕಟ್ಟಿದ ಸಿ-ಕ್ಲಾಸ್, ಅಂದರೆ ವ್ಯಾನಿನ ಮುಂಭಾಗವನ್ನು ಹಾಗೇ ಇಟ್ಟು ಹಿಂದೆ ಮನೆ ಕಟ್ಟಿದ ಗಾಡಿ. ಮುಂದೆ ಒಂಟಿ ಚಕ್ರ, ಹಿಂದೆ ಜೋಡಿ ಚಕ್ರ, ಒಟ್ಟು ಆರು ಟೈರು. ಅಡುಗೆಮನೆ, ಬಚ್ಚಲು, ಜನರೇಟರ್ ಎಲ್ಲಕ್ಕೂ ಜಾಗ ಹುಡುಕಿದವರಿಗೆ ಏಳನೇ ಚಕ್ರಕ್ಕೆ ಮಾತ್ರ ಜಾಗ ಸಿಕ್ಕಿರಲಿಲ್ಲ. ಇದೇನೂ ನಮ್ಮ ಗಾಡಿಯೊಂದರ ಕತೆಯಲ್ಲ. 22.5 ಇಂಚಿನ ಚಕ್ರದ, ಬಸ್ಸಿನಷ್ಟು ದೊಡ್ಡ ಎ-ಕ್ಲಾಸ್ ಗಾಡಿಗಳಲ್ಲಿ ಸ್ಟೆಪ್ನಿ ಇಲ್ಲದಿರುವುದೇ ಹೆಚ್ಚು. ಯುರೋಪಿನಲ್ಲಿ ಫಿಯೆಟ್ ಡುಕಾಟೊ ಮೇಲೆ ಕಟ್ಟಿದ ಗಾಡಿಗಳಲ್ಲೂ ಅನೇಕಕ್ಕೆ ಒಂದು ಡಬ್ಬಿ ಸೀಲಂಟು (ಟೈರಿನ ತೂತು ಮುಚ್ಚುವ ದ್ರವ) ಮತ್ತು ಪುಟ್ಟ ಕಂಪ್ರೆಸರ್ ಕೊಟ್ಟು ಮುಗಿಸುತ್ತಾರೆ.

ಸ್ಟೆಪ್ನಿ ಬೇಡ ಎನ್ನುವವರ ವಾದ ಗಟ್ಟಿಯಾಗಿಯೇ ಇದೆ. ಇಷ್ಟು ಭಾರದ ಗಾಡಿಯನ್ನು ರಸ್ತೆ ಬದಿಯಲ್ಲಿ ನಾವೇ ಎತ್ತಿ ಚಕ್ರ ಬದಲಿಸುವುದಿಲ್ಲ, ಫೋನ್ ಮಾಡಿದರೆ ರೋಡ್‌ಸೈಡ್ ಸರ್ವೀಸಿನವರು ಬರುತ್ತಾರೆ, ಹಾಗಿದ್ದಮೇಲೆ ವರ್ಷಗಟ್ಟಲೆ ಆ ಭಾರ ಹೊತ್ತುಕೊಂಡು ಯಾಕೆ ತಿರುಗಬೇಕು? ನಾನೂ ಇದನ್ನು ಒಪ್ಪುವವನೇ ಇದ್ದೆ. ಆದರೆ ಒಂದು ವಿಷಯ ಈ ವಾದದಲ್ಲಿ ಬರುವುದೇ ಇಲ್ಲ. ಸಹಾಯಕ್ಕೆ ಬರುವವರ ಹತ್ತಿರ ಜಾಕಿ ಇರುತ್ತದೆ, ಏರ್ ಗನ್ ಇರುತ್ತದೆ, ಕೈಬಲ ಇರುತ್ತದೆ. ನಿಮ್ಮ ಅಳತೆಯ ಟೈರು ಇರಬೇಕೆಂದೇನೂ ಇಲ್ಲ. ದಾರಿಯಲ್ಲಿ ನಾವು ಕಾಯುವುದು ಆಳಿಗಾಗಿ ಅಲ್ಲ, ಟೈರಿಗಾಗಿ. ಹಾಗಾಗಿ 'ಸ್ಟೆಪ್ನಿ ನಾನೇ ಹಾಕಬಲ್ಲೆನೇ' ಎಂಬ ಪ್ರಶ್ನೆಯನ್ನು ಬದಿಗಿಟ್ಟು, 'ನನ್ನ ಅಳತೆಯ ಟೈರು ಹತ್ತಿರದ ಊರಿನಲ್ಲಿ ರಜಾದಿನದ ಸಂಜೆ ಸಿಗುತ್ತದೆಯೇ' ಎಂದು ಕೇಳಿಕೊಂಡೆ.

ನಮ್ಮದು ಎಲ್‌ಟಿ 225/75 ಆರ್16, ಲೋಡ್ ರೇಂಜ್ ಇ (ಟೈರಿನ ಬಲದ ದರ್ಜೆ). ವ್ಯಾನುಗಳಿಗೂ ಬರುವ ಅಳತೆಯಾದ್ದರಿಂದ ಹುಡುಕಿದರೆ ಸಿಗುತ್ತದೆ. ಆದರೆ ಕೈಗೆ ಸಿಕ್ಕಿದ 16 ಇಂಚಿನ ಟೈರನ್ನು ಹಾಕುವಂತಿಲ್ಲ. ಲೋಡ್ ಇಂಡೆಕ್ಸ್ 115/112 ಇರಲೇಬೇಕು. 115 ಎಂದರೆ ಒಂಟಿಯಾಗಿ 1,215 ಕೆ.ಜಿ., 112 ಎಂದರೆ ಜೋಡಿಯಲ್ಲಿ ತಲಾ 1,120 ಕೆ.ಜಿ. ಹೊರುವ ತಾಕತ್ತು. ಅದೇ ಅಳತೆ ಬರೆದಿರುವ ಕಾರಿನ ಟೈರು ಅಷ್ಟು ಹೊರುವುದಿಲ್ಲ. ಕತ್ತಲಾಗುತ್ತಿರುವಾಗ, ಮಕ್ಕಳು ಹಸಿದಿರುವಾಗ, ಅಂಗಡಿಯವನು 'ಇದೂ ಆಗುತ್ತೆ ಸಾರ್' ಎಂದರೆ ಬೇಡ ಎನ್ನಲು ಗಟ್ಟಿ ಮನಸ್ಸು ಬೇಕು. ಎ-ಕ್ಲಾಸಿನ ಕೆಲವು ಗಾಡಿಗಳಲ್ಲಿ ಬರುವ 235/80 ಆರ್22.5, 255/80 ಆರ್22.5 ಅಳತೆಗಳ ಪಾಡು ಇನ್ನೂ ಕಷ್ಟ. ಲಾರಿಗಳಿಗೆ ಅವು ಅಷ್ಟಾಗಿ ಬಳಕೆಯಲ್ಲಿಲ್ಲದ್ದರಿಂದ ಲಾರಿ ಟೈರಿನ ಅಂಗಡಿಯಲ್ಲೂ ದಾಸ್ತಾನು ಇರುವುದು ಅಪರೂಪ.

'ಹಿಂದೆ ಜೋಡಿ ಇದೆಯಲ್ಲ, ಒಂದು ಹೋದರೆ ಇನ್ನೊಂದರ ಮೇಲೆ ನಿಧಾನವಾಗಿ ಹೋದರಾಯಿತು' ಎನ್ನುವವರೂ ಇದ್ದಾರೆ. ಲೆಕ್ಕ ಹಾಕಿ ನೋಡಿ. ಹಿಂದಿನ ಆಕ್ಸಲ್ ಮೇಲೆ 4,000 ಕೆ.ಜಿ. ಇದೆ ಎಂದುಕೊಳ್ಳಿ, ಇಂಥ ಗಾಡಿಗೆ ಇದು ಹೆಚ್ಚೇನೂ ಅಲ್ಲ. ನಾಲ್ಕು ಟೈರು ಸರಿಯಿದ್ದಾಗ ತಲಾ ಸಾವಿರ. ಒಂದು ಹೋದ ಕೂಡಲೇ ಅದರ ಜೊತೆಗಾರನ ಮೇಲೆ ಎರಡು ಸಾವಿರ ಬೀಳುತ್ತದೆ. ಅದರ ತಾಕತ್ತು 1,215. ಒಂದೂವರೆ ಪಟ್ಟಿಗೂ ಮೀರಿದ ಹೊರೆ ಹೊತ್ತು ಓಡಿದ ಟೈರು ಒಳಗೇ ಬೇಯುತ್ತದೆ. ಆಗ ಒಡೆಯದಿದ್ದರೂ ಮುಂದೆ ನಂಬುವಂತಿಲ್ಲ. ರಸ್ತೆಯಿಂದ ಸುರಕ್ಷಿತವಾದ ಜಾಗಕ್ಕೆ ಸರಿಯುವಷ್ಟು ದೂರ ಸರಿ, ಮುಂದಿನ ಊರಿನ ತನಕ ಎಂಬ ಮಾತು ಬೇಡ.

ಸೀಲಂಟು ಡಬ್ಬಿಯ ಬಗ್ಗೆ ನನಗೆ ದ್ವೇಷವೇನಿಲ್ಲ. ನೆಲಕ್ಕೆ ತಾಗುವ ಟ್ರೆಡ್ಡಿನಲ್ಲಿ ಮೊಳೆ ಹೊಕ್ಕ ಸಣ್ಣ ತೂತಿಗೆ ಅದು ಸಾಕು. ಟೈರಿನ ಪಕ್ಕದ ಗೋಡೆ, ಅಂದರೆ ಸೈಡ್‌ವಾಲ್ ಸೀಳಿದರೆ, ಟ್ರೆಡ್ ಕಿತ್ತು ಬಂದರೆ ಅದು ಏನೂ ಮಾಡಲಾರದು. ಮೋಟರ್‌ಹೋಮುಗಳ ಟೈರು ಸವೆದು ಹೋಗುವುದಕ್ಕಿಂತ ವಯಸ್ಸಾಗಿ, ಬಿಸಿಲಿಗೆ ಬಿರುಕು ಬಿಟ್ಟು, ಗಾಳಿ ಕಡಿಮೆಯಾಗಿ ಕಾದು ಹೋಗುವುದೇ ಹೆಚ್ಚು. ಹಾಗೆ ಹೋಗುವಾಗ ಮೊಳೆಯ ತೂತಿನಷ್ಟರಲ್ಲಿ ನಿಲ್ಲುವುದಿಲ್ಲ.

ಇಷ್ಟಾದ ಮೇಲೆ ಉಳಿದದ್ದು ಭಾರದ ಪ್ರಶ್ನೆ. ನಮ್ಮ ಅಳತೆಯ ಟೈರು ಡಿಸ್ಕಿನ ಸಮೇತ 30ರಿಂದ 35 ಕೆ.ಜಿ. ತೂಗುತ್ತದೆ, ನೇತುಹಾಕುವ ಕಬ್ಬಿಣವೂ ಸೇರಿ 40 ಎಂದು ಹಿಡಿದೆ. ಗಾಡಿಯ ಅಡಿಯಲ್ಲಿ, ಹಿಂದಿನ ಆಕ್ಸಲ್ಲಿನಿಂದಲೂ ಹಿಂದಕ್ಕೆ ಅದನ್ನು ತೂಗಿಸಿದರೆ ಆಕ್ಸಲ್ ಮೇಲೆ ಬೀಳುವುದು ಬರೀ 40 ಅಲ್ಲ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವಿನ ದೂರ) 4 ಮೀಟರ್, ಸ್ಟೆಪ್ನಿ ಆಕ್ಸಲ್ಲಿನಿಂದ 2 ಮೀಟರ್ ಹಿಂದೆ ಇದ್ದರೆ, ಹಿಂದಿನ ಆಕ್ಸಲ್ ಮೇಲೆ 60 ಕೆ.ಜಿ. ಏರುತ್ತದೆ, ಮುಂದಿನದರ ಮೇಲೆ 20 ಇಳಿಯುತ್ತದೆ. ಏತದ ಹಾಗೆ, ಹಿಂದೆ ಒತ್ತಿದಷ್ಟೂ ಮುಂದೆ ಏಳುತ್ತದೆ. ಸಿ-ಕ್ಲಾಸ್ ಗಾಡಿಗಳಲ್ಲಿ ಮೊದಲೇ ಹಿಂಭಾಗ ಉದ್ದ, ಮಂಚ, ಬೀರು, ಸೈಕಲ್ ಎಲ್ಲವೂ ಹಿಂದೆಯೇ. ಮುಂದಿನ ಚಕ್ರ ಹಗುರವಾದರೆ ಸ್ಟೀರಿಂಗ್ ಗಾಳಿಗೆ ಅಲೆಯುತ್ತದೆ. ಆದ್ದರಿಂದ ನೀರು, ಡೀಸೆಲೋ ಪೆಟ್ರೋಲೋ, ಸಾಮಾನು, ಜನ ಎಲ್ಲ ತುಂಬಿಕೊಂಡು ತೂಕದ ಸೇತುವೆಗೆ ಹೋಗಿ ಮುಂದಿನ ಆಕ್ಸಲ್ ಬೇರೆ, ಹಿಂದಿನದು ಬೇರೆ ತೂಗಿಸಿದೆ. ಬಾಗಿಲ ಹತ್ತಿರದ ಫಲಕದಲ್ಲಿ ಬರೆದಿರುವ ಮಿತಿಗಿಂತ ಕೆಳಗೆ 60 ಕೆ.ಜಿ. ಜಾಗ ಇದೆಯೆಂದು ಖಚಿತವಾದ ಮೇಲೆಯೇ ಚಕ್ರ ಕೊಂಡದ್ದು. ಹಿಂದಿನ ಡಿಕ್ಕಿಯಲ್ಲಿ ಬೇಡದ ಸಾಮಾನನ್ನೂ ಆಗಲೇ ಇಳಿಸಿದೆ. ಮಡಿಸುವ ಕುರ್ಚಿಗಳೇ ಎಷ್ಟಿದ್ದವೋ!

ಯುರೋಪಿನಲ್ಲಿ 3,500 ಕೆ.ಜಿ. ಮಿತಿಯ ಗಾಡಿ ಇಟ್ಟುಕೊಂಡವರಿಗೆ ಈ ಲೆಕ್ಕ ಇನ್ನೂ ಬಿಗಿ. ಅಲ್ಲಿ ಎಷ್ಟೋ ಗಾಡಿಗಳು ಮನೆ ಬಿಡುವಾಗಲೇ ಮಿತಿಯ ಅಂಚಿನಲ್ಲಿರುತ್ತವೆ. ಅವರು ಸ್ಟೆಪ್ನಿ ಬಿಟ್ಟರೆ ನಾನು ತಪ್ಪೆನ್ನುವುದಿಲ್ಲ.

ಎಲ್ಲಿ ಇಡುವುದು ಎಂಬುದಕ್ಕೆ ಮೂರು ದಾರಿ ಇದ್ದವು: ಹಿಂಗೋಡೆಯ ಮೇಲೆ, ಸಾಮಾನಿನ ಗೂಡಿನೊಳಗೆ, ಇಲ್ಲವೇ ಚಾಸಿಯ ಅಡಿಯಲ್ಲಿ. ಹಿಂಗೋಡೆ ಎಂದರೆ ತೆಳು ಹಲಗೆ, ಅದಕ್ಕೆ ಚಕ್ರ ತೂಗುಹಾಕಿದರೆ ಬೋಲ್ಟಿನ ಸುತ್ತ ನೀರು ಸೋರುವುದು ಖಂಡಿತ. ಬಂಪರಿಗೆ ಬೆಸುಗೆ ಹಾಕಿದ ತೆಳು ಕೊಳವೆಯನ್ನೂ ನಾನು ನಂಬಲಿಲ್ಲ. ಗೂಡಿನಲ್ಲಿಟ್ಟರೆ ಗೂಡೇ ಹೋಯಿತು. ಹಾಗಾಗಿ ಚಾಸಿಯ ಎರಡು ರೈಲುಗಳ ನಡುವೆ, ಸೈಲೆನ್ಸರಿನ ಬಿಸಿ ತಾಗದಷ್ಟು ದೂರದಲ್ಲಿ, ಪಿಕಪ್ ಗಾಡಿಗಳಲ್ಲಿ ಇರುವಂಥ ಕೇಬಲ್ ವಿಂಚಿನಲ್ಲಿ ತೂಗಿಸಿದೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಅದು ಟೈರಿಗೆ ಒಳ್ಳೆಯದು. ಕೆಸರು, ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪು ಬೀಳುತ್ತದೆ, ಅದು ಕೇಬಲ್ಲಿಗೆ ಕೆಟ್ಟದ್ದು. ವರ್ಷಕ್ಕೊಮ್ಮೆಯಾದರೂ ಪೂರ್ತಿ ಕೆಳಗಿಳಿಸಿ, ತೊಳೆದು, ವಿಂಚಿಗೆ ಗ್ರೀಸು ಹಚ್ಚಿ ಮೇಲೇರಿಸುತ್ತೇನೆ. ತುಕ್ಕು ಹಿಡಿದು ಇಳಿಯದ ಸ್ಟೆಪ್ನಿ ಇದ್ದೂ ಇಲ್ಲದ ಹಾಗೆ. ಕೇಬಲ್ ತುಂಡಾದರೂ ರಸ್ತೆಗೆ ಬೀಳದಿರಲೆಂದು ಒಂದು ಸರಪಳಿಯನ್ನು ಬೇರೆ ಸುತ್ತಿದ್ದೇನೆ.

ಈ ಚಾಸಿಯ ಒಂದು ಅನುಕೂಲವೆಂದರೆ ಸ್ಟೀಲ್ ಡಿಸ್ಕ್ ಮುಂದಕ್ಕೂ, ಹಿಂದೆ ಒಳಗೂ ಹೊರಗೂ ಒಂದೇ. ತಿರುಗಿಸಿ ಹಾಕಿದರಾಯಿತು, ಆರು ಜಾಗಕ್ಕೂ ಒಂದೇ ಸ್ಟೆಪ್ನಿ ಸಾಕು. ಅಲಾಯ್ ವೀಲ್ ಇರುವವರು ಮಾತ್ರ ಹುಷಾರು: ಅಲಾಯಿಗೆ ಬರುವ ಬೋಲ್ಟು ಸ್ಟೀಲ್ ಡಿಸ್ಕಿಗೆ ಕೂರದೇ ಇರಬಹುದು, ಬೇರೆ ಸೆಟ್ಟು ಜೊತೆಗಿರಬೇಕಾಗುತ್ತದೆ. ಗಾಳಿಯನ್ನು ಟೈರಿನ ಮೇಲೆ ಬರೆದಿರುವ ಗರಿಷ್ಠ 80 ಪಿಎಸ್‌ಐಗೆ ಹಾಕಿಟ್ಟಿದ್ದೇನೆ. ಹಾಕುವ ಜಾಗಕ್ಕೆ ತಕ್ಕಂತೆ ಆಮೇಲೆ ಇಳಿಸಬಹುದು, ರಸ್ತೆ ಬದಿಯಲ್ಲಿ ಏರಿಸುವುದು ಕಷ್ಟ. ವಾಲ್ವ್ ನೆಲದ ಕಡೆಗೆ ಇರುವಂತೆ ತೂಗಿಸಿದ್ದರಿಂದ ಬಗ್ಗಿ ಕೈ ಹಾಕಿದರೆ ಗೇಜ್ ತಾಗುತ್ತದೆ.

ಇನ್ನು ಬದಲಿಸುವ ಕೆಲಸ. ಇದನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ಹಗಲಿನಲ್ಲಿ, ಯಾವ ಅವಸರವೂ ಇಲ್ಲದಾಗ ಒಮ್ಮೆ ಮಾಡಿ ನೋಡಿದೆವು. ನನ್ನ ಹೆಂಡತಿ ಕೈಪಿಡಿ ಓದುತ್ತಿದ್ದಳು, ನಾನು ಮಾಡುತ್ತಿದ್ದೆ. ಮುಗಿಯುವ ಹೊತ್ತಿಗೆ ಅವಳು ಓದುವುದನ್ನು ಬಿಟ್ಟು ಹೇಳತೊಡಗಿದ್ದಳು. ನಟ್ಟುಗಳನ್ನು ಬಿಗಿಯುವ ಟಾರ್ಕ್ (ತಿರುಗಿಸುವ ಬಲ) 140 ಪೌಂಡ್-ಅಡಿ, ಅಂದರೆ ಸುಮಾರು 190 ನ್ಯೂಟನ್-ಮೀಟರ್. ವರ್ಷಗಳಿಂದ ಕೂತ ನಟ್ಟು ಬಿಚ್ಚಲು ಅದಕ್ಕಿಂತ ಹೆಚ್ಚೇ ಬೇಕು. ಗಾಡಿಯ ಜೊತೆ ಬರುವ ಗಿಡ್ಡ ವೀಲ್ ಸ್ಪ್ಯಾನರಿನಿಂದ ಅದು ಆಗದ ಮಾತು. ಮುಕ್ಕಾಲು ಮೀಟರಿಗೂ ಉದ್ದದ ಬಾರ್, ಗಟ್ಟಿ ಸಾಕೆಟ್ಟು, ಒಂದು ಟಾರ್ಕ್ ರೆಂಚು ಕೊಂಡೆ. ಚಕ್ರ ನೆಲದಲ್ಲಿದ್ದಾಗಲೇ ನಟ್ಟುಗಳನ್ನು ಸಡಿಲಿಸಿ, ಆಮೇಲೆ ಎತ್ತಬೇಕು. ಎತ್ತುವುದಕ್ಕೆ 6 ಟನ್ನಿನ ಬಾಟ್ಲಿ ಜಾಕಿ, ಅದರಡಿಗೆ ದಪ್ಪ ಹಲಗೆ, ಎದುರು ಚಕ್ರಗಳಿಗೆ ಮುಂದೆ ಹಿಂದೆ ಒತ್ತುಕಟ್ಟೆ. ಗಾಡಿಯನ್ನು ಸಮ ನಿಲ್ಲಿಸಲು ಕೊಟ್ಟಿರುವ ಲೆವೆಲಿಂಗ್ ಜಾಕುಗಳಿಂದ ಎತ್ತಿ ಚಕ್ರ ಬಿಚ್ಚುವುದು ಬೇಡ. ಕೈಪಿಡಿಗಳೇ ಹಾಗೆ ಎಚ್ಚರಿಸುತ್ತವೆ.

ಹಿಂದಿನ ಜೋಡಿಯಲ್ಲಿ ಹೊರಗಿನದು ಹೋಗಿದ್ದರೆ ಜಾಕಿಯೇ ಬೇಡದ ಉಪಾಯವೊಂದಿದೆ. ಒಳಗಿನ ಟೈರಿಗಷ್ಟೇ ಸಿಗುವಂತೆ ಕಿರಿದಾದ ಮರದ ದಿಮ್ಮಿಯನ್ನು ಇಟ್ಟು ಗಾಡಿಯನ್ನು ಮೆಲ್ಲಗೆ ಅದರ ಮೇಲೆ ಹತ್ತಿಸಿದರೆ ಹೊರಗಿನದು ನೆಲ ಬಿಟ್ಟು ಏಳುತ್ತದೆ. ನಟ್ಟನ್ನು ಹತ್ತಿಸುವ ಮೊದಲೇ ಬಿಚ್ಚಿಡಬಾರದು, ಹತ್ತಿ ನಿಂತು ಹ್ಯಾಂಡ್‌ಬ್ರೇಕ್ ಹಾಕಿದ ಮೇಲೆಯೇ ಕೈ ಹಾಕಬೇಕು. 35 ಕೆ.ಜಿ. ಚಕ್ರವನ್ನು ಎದೆಗವಚಿ ಎತ್ತುವ ಶೌರ್ಯವೂ ಬೇಡ. ಟೈರಿನಡಿಗೆ ಬಾರ್ ತೂರಿಸಿ ಮೀಟಿದರೆ ಸ್ಟಡ್ಡಿಗೆ ತಾನೇ ಸರಿಯಾಗಿ ಬಂದು ಕೂರುತ್ತದೆ. 80 ಕಿ.ಮೀ. ಓಡಿದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಟಾರ್ಕ್ ನೋಡಲೇಬೇಕು. ಇದನ್ನು ಮರೆತವರ ಚಕ್ರ ಅವರಿಗಿಂತ ಮುಂದೆ ಓಡಿದ ಕತೆಗಳಿವೆ.

ಇಷ್ಟೆಲ್ಲ ಕಲಿತೂ, ವಾಹನ ಓಡಾಡುವ ಬದಿಯ ಚಕ್ರ ಹೋದರೆ ನಾನು ಸ್ಪ್ಯಾನರ್ ಮುಟ್ಟುವುದಿಲ್ಲ. ಹೆದ್ದಾರಿಯ ಅಂಚಿನಲ್ಲಿ ಬೆನ್ನು ರಸ್ತೆಗೆ ಹಾಕಿ ಕೂರುವ ಕೆಲಸ ಯಾರಿಗೂ ಬೇಡ. ನಮ್ಮ ಸ್ಟೆಪ್ನಿ ಕೆಲಸಕ್ಕೆ ಬಂದದ್ದೂ ಹಾಗೆಯೇ. ರಸ್ತೆಯಲ್ಲಿ ಬಿದ್ದಿದ್ದ ತಗಡಿನ ಚೂರು ಹಿಂದಿನ ಹೊರ ಟೈರಿನ ಸೈಡ್‌ವಾಲ್ ಸೀಳಿತು. ಪ್ರೆಶರ್ ಸೆನ್ಸರ್ ಕೂಗಿಕೊಂಡಿತು, ಗಾಡಿಯನ್ನು ರಸ್ತೆಯಿಂದ ಹೊರಗೆ ತಂದು ರೋಡ್‌ಸೈಡ್ ಸರ್ವೀಸಿಗೆ ಫೋನ್ ಮಾಡಿದೆ. ಆ ಕಡೆಯವರು ಎಲ್ಲಿದ್ದೀರಿ ಎಂದು ಕೇಳಿದ ಮೇಲೆ ಕೇಳಿದ ಮೊದಲ ಮಾತೇ 'ಟೈರ್ ಇದೆಯಾ ನಿಮ್ಮ ಹತ್ರ?' ಇದೆ ಎಂದೆ. 'ಹಾಗಾದ್ರೆ ಈಗ್ಲೇ ಹೊರಡ್ತೀನಿ' ಎಂದರು. ಬಂದು, ಏರ್ ಗನ್ನಿನಲ್ಲಿ ಬಿಚ್ಚಿ ಹಾಕಿ ಹೋದರು. ಟಾರ್ಕ್ ಮಾತ್ರ ನನ್ನ ರೆಂಚಿನಲ್ಲೇ ನೋಡಿಕೊಂಡೆ.

ಆ ಸೆನ್ಸರುಗಳ ಬಗ್ಗೆ ಒಂದು ಮಾತು. ಜೋಡಿಯಲ್ಲಿ ಒಳಗಿನ ಟೈರಿನ ಗಾಳಿ ಇಳಿದರೆ ಹೊರಗಿನದು ಅದನ್ನು ಎತ್ತಿ ಹಿಡಿದಿರುತ್ತದೆ, ಡ್ರೈವರಿಗೆ ಏನೂ ಗೊತ್ತಾಗುವುದಿಲ್ಲ. ಗಾಳಿ ಕಳೆದುಕೊಂಡದ್ದು ಸುಮ್ಮನೆ ಮಡಚಿ ಬಿಚ್ಚಿ ಬಿಸಿಯಾಗುತ್ತಲೇ ಇರುತ್ತದೆ, ಬೆಂಕಿ ಹತ್ತಿಕೊಳ್ಳುವುದೂ ಉಂಟು. ಹಣ ಒಂದಕ್ಕೇ ಸಾಲುವುದಾದರೆ ಮೊದಲು ಸೆನ್ಸರ್, ಆಮೇಲೆ ಸ್ಟೆಪ್ನಿ ಎನ್ನುತ್ತೇನೆ. ಸ್ಟೆಪ್ನಿಗೂ ಒಂದು ಸೆನ್ಸರ್ ಹಾಕಿದ್ದೇನೆ, ಬಗ್ಗುವ ಕೆಲಸವೂ ಕಡಿಮೆಯಾಯಿತು.

ಹಿಂದಿನ ಜೋಡಿಗೆ ಹಾಕಿದ ಸ್ಟೆಪ್ನಿಯನ್ನು ಅಲ್ಲೇ ಬಿಟ್ಟು ಮರೆಯುವಂತಿಲ್ಲ. ಜೊತೆಯ ಎರಡೂ ಟೈರಿನ ವ್ಯಾಸದಲ್ಲಿ ನಮ್ಮ ಅಳತೆಗೆ 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಸವೆದದ್ದರ ಪಕ್ಕ ಹೊಸದು ಕೂತರೆ ಎತ್ತರದ್ದೇ ಹೆಚ್ಚು ಭಾರ ಹೊರುತ್ತದೆ. ಹಾಗಾಗಿ ಸ್ಟೆಪ್ನಿಯ ಮೇಲೆ ನಿಧಾನವಾಗಿ ಟೈರಿನ ಅಂಗಡಿಗೆ ಹೋಗಿ, ಅಳೆದು, ಜೋಡಿ ಹೊಂದಿಸಿಕೊಂಡೇ ಮುಂದೆ ಹೊರಟೆವು.

ಓಡದಿದ್ದರೂ ಟೈರಿಗೆ ವಯಸ್ಸಾಗುತ್ತದೆ. ಸೈಡ್‌ವಾಲಿನ ಮೇಲೆ DOT ಎಂದು ಶುರುವಾಗುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ: 2319 ಎಂದರೆ 2019ರ 23ನೇ ವಾರ. ಮುಂದಿನ ಟೈರುಗಳನ್ನು ಬದಲಿಸುವಾಗ ಸ್ಟೆಪ್ನಿಯನ್ನು ಓಡುವ ಸಾಲಿಗೆ ಇಳಿಸಿ, ಹೊಸದೊಂದನ್ನು ಅಡಿಗೆ ತೂಗಿಸುತ್ತೇನೆ. ಹತ್ತು ವರ್ಷದ 'ಹೊಸ' ಸ್ಟೆಪ್ನಿಯನ್ನು ಹೊತ್ತು ತಿರುಗುವವರನ್ನು ಕಂಡಿದ್ದೇನೆ; ಹೊಳಪು ನೋಡಿ ಮೋಸ ಹೋಗಿರುತ್ತಾರೆ.

ನಮ್ಮದು 22.5 ಇಂಚಿನ ಗಾಡಿಯಾಗಿದ್ದರೆ ನಾನು ಹೀಗೆ ಮಾಡುತ್ತಿರಲಿಲ್ಲ. ಆ ಚಕ್ರ ಡಿಸ್ಕಿನ ಸಮೇತ 80ರಿಂದ 100 ಕೆ.ಜಿ., ನಟ್ಟಿನ ಟಾರ್ಕ್ 450ರಿಂದ 500 ಪೌಂಡ್-ಅಡಿ. ಅದು ಲಾರಿ ಮೆಕ್ಯಾನಿಕ್ಕಿನ ಕೆಲಸ. ಸುಲಭವಾಗಿ ಸಿಗುವ ಲಾರಿಯ ಅಳತೆಯಾಗಿದ್ದರೆ ಏನೂ ಒಯ್ಯುವುದಿಲ್ಲ. ಅಪರೂಪದ ಅಳತೆಯಾಗಿದ್ದರೆ ಡಿಸ್ಕ್ ಇಲ್ಲದ ಬರೀ ಟೈರನ್ನು ಸಾಮಾನಿನ ಗೂಡಿನಲ್ಲಿ ಹಾಕಿಕೊಳ್ಳುತ್ತೇನೆ: ಭಾರ ಅರ್ಧದಷ್ಟು ಉಳಿಯುತ್ತದೆ, ಸಹಾಯಕ್ಕೆ ಬಂದವರು ಅಲ್ಲೇ ಹಳೆಯದನ್ನು ಕಳಚಿ ಇದನ್ನು ಕೂರಿಸುತ್ತಾರೆ. ಮುಂದಿನ ಆಕ್ಸಲ್ಲಿಗೆ ಹೊಂದುವ ಟೈರನ್ನೇ ಇಟ್ಟುಕೊಂಡರೆ ಹಿಂದಕ್ಕೂ ಆಗುತ್ತದೆ. ಹಿಂದಿನ ಆಕ್ಸಲ್ಲಿಗೆಂದೇ ಮಾಡಿದ ಒರಟು ಟ್ರೆಡ್ಡಿನದನ್ನು ಮುಂದೆ ಹಾಕಲಾಗುವುದಿಲ್ಲ.