ಕೆಡದ ಮೋಟಾರ್, ಬಾರದ ನೀರು

ಕೋಲಾರ ಜಿಲ್ಲೆಯ ರೈತರೊಬ್ಬರು ನನ್ನ ಕಚೇರಿಗೆ ಬಂದು ಹೇಳಿದ ಮೊದಲ ಮಾತು: "ಸಾರ್, ಅಂಗಡಿಯವರು ಕೆಟ್ಟ ಮೋಟಾರ್ ಕೊಟ್ಟಿದ್ದಾರೆ."

ಮೋಟಾರ್ ಕೆಟ್ಟಿರಲಿಲ್ಲ. ಅವರ ಕೊಳವೆಬಾವಿಯಲ್ಲಿ ನೀರು ನಿಂತಿದ್ದದ್ದು 700 ಅಡಿ ಆಳದಲ್ಲಿ, ಅಂದರೆ ಸುಮಾರು 213 ಮೀಟರ್. ಪಂಪಿನ ಫಲಕದಲ್ಲಿ ಗರಿಷ್ಠ ಹೆಡ್, ಅಂದರೆ ಅದು ನೀರನ್ನು ಎತ್ತಬಲ್ಲ ಎತ್ತರ, 180 ಮೀಟರ್ ಎಂದಿತ್ತು. ದಿನವಿಡೀ ಓಡಿಸಿದರೂ ಅದು ನೀರನ್ನು ನೆಲದ ಮೇಲಕ್ಕೆ ತರಲಾರದು. "ದೋಷಪೂರಿತ ಸರಕು" ಎಂದು ನೋಟಿಸ್ ಕೊಟ್ಟಿದ್ದರೆ ನಾವು ಸೋಲುತ್ತಿದ್ದೆವು.

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಂ ಶುರುವಾಗುವುದೇ ಕೊಳ್ಳುವವನಿಗೆ ಎದೆಗುಂದಿಸುವಂತೆ: ಗುಣಮಟ್ಟದ ಬಗ್ಗೆ, ಉಪಯುಕ್ತತೆಯ ಬಗ್ಗೆ ಮಾರುವವನು ಬಾಯಿಬಿಟ್ಟು ಹೇಳದ ಭರವಸೆ ಯಾವುದೂ ಇಲ್ಲ. ಅದಕ್ಕಿರುವ ವಿನಾಯಿತಿಗಳಲ್ಲಿ ಮೊದಲನೆಯದೇ ನಮ್ಮ ಆಸರೆ. ಯಾವ ಕೆಲಸಕ್ಕೆಂದು ಮಾರುವವನಿಗೆ ತಿಳಿಸಿ, ಅವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಆ ಸರಕು ಅವನ ನಿತ್ಯದ ವ್ಯಾಪಾರದ್ದೇ ಆಗಿದ್ದರೆ, ಅದು ಆ ಕೆಲಸಕ್ಕೆ ತಕ್ಕಮಟ್ಟಿಗೆ ಒದಗಲೇಬೇಕು. ಬರೆಯದಿದ್ದರೂ ಅದು ಒಪ್ಪಂದದ ಷರತ್ತೇ.

ಆದ್ದರಿಂದ ಇಂಥ ಪ್ರಕರಣದಲ್ಲಿ ರಸೀದಿಗಿಂತ ಮೊದಲು ನಾನು ಕೇಳುವುದು, "ಅಂಗಡಿಯಲ್ಲಿ ನೀವು ಏನು ಹೇಳಿದಿರಿ?" ಎಂದು. ರೈತರು ಜೇಬಿನಿಂದ ಮಡಚಿದ ಚೀಟಿಯೊಂದನ್ನು ತೆಗೆದರು. ಅಂಗಡಿಯವರದೇ ಕೈಬರಹ: ಬೋರ್ 1,000 ಅಡಿ, ನೀರು 700, ಟೊಮೆಟೊ ಎರಡು ಎಕರೆ. ಕೆಳಗೆ ಪಂಪಿನ ಮಾದರಿ, ಬೆಲೆ. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಇದಕ್ಕೂ ಮೊದಲು ಹಿಟ್ಟಿನ ಗಿರಣಿಯ ಮೋಟಾರಿನ ವಿಚಾರದಲ್ಲಿ ಇಂಥ ಒಂದು ಸಾಲೂ ಸಿಗದೆ, ನ್ಯಾಯ ನಮ್ಮ ಕಡೆ ಇದ್ದರೂ ಕಕ್ಷಿದಾರರು ಕೈಬಿಡಬೇಕಾಗಿತ್ತು.

ಅಂಗಡಿಯವರ ಉತ್ತರ ನಿರೀಕ್ಷಿತವೇ: "ಅವರೇ ಇಂಥ ಕಂಪನಿಯದ್ದೇ ಬೇಕೆಂದರು." ವ್ಯಾಪಾರದ ಹೆಸರು ಹೇಳಿ ನಿರ್ದಿಷ್ಟ ವಸ್ತುವನ್ನು ಕೊಂಡರೆ ಈ ರಕ್ಷಣೆ ಇಲ್ಲ ಎಂಬ ಪರಂತುಕ, ಅಂದರೆ ನಿಯಮಕ್ಕೆ ಹಾಕಿದ ಮಿತಿ, ಕಾಯ್ದೆಯಲ್ಲಿರುವುದು ನಿಜ. ಆದರೆ ಹೆಸರು ಹೇಳಿದ ಮಾತ್ರಕ್ಕೆ ನಂಬಿಕೆ ಅಳಿದುಹೋಗುವುದಿಲ್ಲ. ಇಂಗ್ಲೆಂಡಿನ 1925ರ ಬಾಲ್ಡ್ರಿ ಪ್ರಕರಣದಲ್ಲಿ ಕೊಂಡವನು ಬುಗಾಟಿ ಕಾರನ್ನು ಹೆಸರಿಟ್ಟೇ ಪಡೆದಿದ್ದ. ಆದರೂ ಪ್ರವಾಸಕ್ಕೆ ಆರಾಮದ ಕಾರು ಬೇಕೆಂದು ಹೇಳಿ, ಮಾರಾಟಗಾರರ ಸಲಹೆಯನ್ನು ನೆಚ್ಚಿಕೊಂಡಿದ್ದರಿಂದ ಅವನೇ ಗೆದ್ದ. ನಮ್ಮ ರೈತರು ಹೇಳಿದ್ದು ಕಂಪನಿಯ ಹೆಸರು. ಮಾದರಿಯನ್ನು ಆರಿಸಿದ್ದು ಅಂಗಡಿಯವರು. ನೋಟಿಸಿನಲ್ಲಿ ಇದಕ್ಕೇ ಒಂದು ಇಡೀ ಪುಟ ಕೊಟ್ಟೆ.

"ಮಾರಿದ ಮಾಲು ವಾಪಸಿಲ್ಲ" ಎಂಬ ರಸೀದಿಯ ಅಚ್ಚಿನ ಸಾಲಿಗೆ ನಾನು ಹೆದರಲಿಲ್ಲ. ಉಪಯುಕ್ತತೆಯ ಆ ಬರೆಯದ ಷರತ್ತನ್ನು 62ನೇ ಕಲಮಿನಂತೆ ಒಪ್ಪಂದದಿಂದ ತೆಗೆದುಹಾಕಬಹುದು. ಆದರೆ ಆ ಸಾಲು ಉಪಯುಕ್ತತೆಯ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ನಿಜವಾದ ಭಯ ವಿಳಂಬದ್ದು. ತಿರಸ್ಕರಿಸುತ್ತೇನೆಂದು ತಿಳಿಸದೆ ಹೆಚ್ಚು ಕಾಲ ಇಟ್ಟುಕೊಂಡರೆ ಒಪ್ಪಿಕೊಂಡಂತೆ. ಆಮೇಲೆ ಸಾಮಾನ್ಯವಾಗಿ ನಷ್ಟಪರಿಹಾರವಷ್ಟೇ ಉಳಿಯುತ್ತದೆ. ಹಾಗಾಗಿ ಅಂದೇ ನೋಂದಾಯಿತ ಅಂಚೆಯಲ್ಲಿ ನೋಟಿಸ್ ಕಳುಹಿಸಿದೆ. ಪಂಪನ್ನು ಹೊತ್ತು ಒಯ್ದು ಕೊಡಬೇಕಾದ ಹೊಣೆ ರೈತರದಲ್ಲ, ತಿರಸ್ಕರಿಸಿದ್ದೇವೆಂದು ತಿಳಿಸಿದರೆ ಸಾಕು ಎಂಬ 43ನೇ ಕಲಮನ್ನೂ ಅದರಲ್ಲಿ ಬರೆದೆ.

ಮೂರನೇ ವಾರ ಅಂಗಡಿಯವರು ತಕ್ಕ ಪಂಪ್ ಕೊಟ್ಟು, ಎತ್ತಿ ಇಳಿಸಿದ ಕೂಲಿಯನ್ನೂ ಭರಿಸಿದರು. ಒಣಗಿದ ಸಸಿಗಳ ಹಣಕ್ಕೆ ಮಾತ್ರ ಒಪ್ಪಲಿಲ್ಲ. ಅದಕ್ಕೆ ದಾವೆ ಹೂಡೋಣ ಎಂದೆ. "ನೀರು ಬಂತಲ್ಲ ಸಾರ್, ನಾಟಿ ಮುಗಿಸಬೇಕು" ಎಂದು ರೈತರು ಬಸ್ಸಿಗೆ ಹೊರಟರು.