ಕೆಂಪು ಆಟೋಮ್ಯಾಟಿಕ್ ಸಿಗ್ನಲ್ ದಾಟಿದ ಮೇಲೆ: 15ರ ವೇಗದಲ್ಲಿ ಗೂಡ್ಸ್ ಗಾಡಿ

ಕೆಂಪು ಸಿಗ್ನಲ್ ಎದುರು ಗಾಡಿ ನಿಂತ ತಕ್ಷಣ, ಲೋಕೋ ಪೈಲಟ್ ಆದ ನಾನು ನೋಡುವುದು ಸಿಗ್ನಲ್ ಕಂಬದ ‘ಎ’ ಗುರುತನ್ನು. ಬಿಳಿ ಬಿಲ್ಲೆಯ ಮೇಲೆ ಕಪ್ಪು ‘ಎ’ ಇದ್ದರೆ ಅದು ಆಟೋಮ್ಯಾಟಿಕ್, ಕೆಂಪಿದ್ದರೂ ಸ್ವಲ್ಪ ಹೊತ್ತು ಕಾದು ನಿಧಾನವಾಗಿ ದಾಟಬಹುದು. ಸೆಮಿ ಆಟೋಮ್ಯಾಟಿಕ್ (ಬೇಕಾದಾಗ ಸಿಬ್ಬಂದಿಯೂ ನಿಯಂತ್ರಿಸಬಹುದಾದದ್ದು) ಆದರೆ ‘ಎ’ ದೀಪ ಉರಿಯುತ್ತಿರಬೇಕು. ಆರಿದ್ದರೆ ನಿಮಿಷ ಲೆಕ್ಕ ಹಾಕಿ ದಾಟುವ ಹಾಗಿಲ್ಲ.

ಹಗಲು 1 ನಿಮಿಷ, ರಾತ್ರಿ 2 ನಿಮಿಷ, ವಾಚು ನೋಡಿಯೇ ಕಾಯುತ್ತೇನೆ. ಹೊರಡುವ ಮುಂಚೆ ಬ್ರೇಕ್ ಪೈಪಿನ ಒತ್ತಡ 5 ಕೆ.ಜಿ.ಗೆ ಮರಳಿ ಏರ್‌ಫ್ಲೋ ಮುಳ್ಳು (ಪೈಪಿಗೆ ಹರಿಯುವ ಗಾಳಿಯನ್ನು ತೋರಿಸುವುದು) ಇಳಿದು ನಿಂತಿರಬೇಕು. 58 ವ್ಯಾಗನ್‌ಗಳ ಗಾಡಿಯಲ್ಲಿ ಕೊನೆಯ ವ್ಯಾಗನ್ ಬ್ರೇಕ್ ಬಿಡಲು ಹೊತ್ತು ಹಿಡಿಯುತ್ತದೆ; ಅವಸರಪಟ್ಟು ಎಳೆದರೆ ಕಪ್ಲಿಂಗ್ ಕಿತ್ತುಬರಬಹುದು. ಆಮೇಲೆ ಹಾರ್ನ್, ಟ್ರೈನ್ ಮ್ಯಾನೇಜರ್ (ಗಾರ್ಡ್) ಜೊತೆ ಸಿಗ್ನಲ್ ವಿನಿಮಯ, ನಂತರ ನಾಚ್ (ಎಂಜಿನ್ ಶಕ್ತಿ ಏರಿಸುವ ಹಂತ). ದಾರಿ ಚೆನ್ನಾಗಿ ಕಂಡರೆ ಗಂಟೆಗೆ 15 ಕಿ.ಮೀ.; ತಿರುವು, ಮಳೆ, ಮಂಜು ಇದ್ದರೆ 10ನ್ನು ಮೀರುವಂತಿಲ್ಲ.

ನಿಧಾನ ಹೋಗುತ್ತಿದ್ದೇವೆ, ಏನಾದರೂ ಆದರೆ ಚಾಲಕರ ಎಚ್ಚರ ಪರೀಕ್ಷಿಸುವ ಸಾಧನ ವಿಸಿಡಿ ಇದೆ ಎಂಬ ಧೈರ್ಯ ಇಲ್ಲೇ ಕೈಕೊಡುತ್ತದೆ. ಸುಮಾರು 60 ಸೆಕೆಂಡು ಏನನ್ನೂ ಮುಟ್ಟದಿದ್ದರೆ ಅದರ ದೀಪ ಮಿನುಗುತ್ತದೆ, 8 ಸೆಕೆಂಡು ಬಿಟ್ಟು ಬಜರ್, ಮತ್ತೆ 8 ಸೆಕೆಂಡಿಗೆ ಬ್ರೇಕ್. ಒಟ್ಟು 76 ಸೆಕೆಂಡು. 15ರ ವೇಗದಲ್ಲೂ ಅಷ್ಟರಲ್ಲಿ ಗಾಡಿ 300 ಮೀಟರ್ ದಾಟಿರುತ್ತದೆ. ಮುಂದಿನ ಗಾಡಿಯಿಂದ ನಾವು ಬಿಡಬೇಕಾದ ಅಂತರ 150 ಮೀಟರ್ ಅಥವಾ ಎರಡು ಓಎಚ್ಇ ಸ್ಪ್ಯಾನ್ (ತಲೆಯ ಮೇಲಿನ ವಿದ್ಯುತ್ ತಂತಿಯ ಒಂದು ಕಂಬದಿಂದ ಇನ್ನೊಂದಕ್ಕಿರುವ ದೂರ). ಅದು 36 ಸೆಕೆಂಡಿನ ದಾರಿ. ದೀಪ ಮಿನುಗುವ ಮುಂಚೆಯೇ ಗುದ್ದಿ ಆಗಿರುತ್ತದೆ. ಹಾರ್ನ್ ಒತ್ತಿದರೂ ವಿಸಿಡಿ ರೀಸೆಟ್ ಆಗುವುದರಿಂದ, ನಿದ್ದೆಗಣ್ಣಿನಲ್ಲೂ ಕೈ ತಾನಾಗಿ ಅದನ್ನು ಒತ್ತುತ್ತಲೇ ಇರುತ್ತದೆ.

ಅದಕ್ಕೇ ಓಎಚ್ಇ ಕಂಬಗಳನ್ನು ಎಣಿಸುತ್ತೇನೆ. 60 ಮೀಟರ್ ಸ್ಪ್ಯಾನ್ ದಾಟಲು 15ರಲ್ಲಿ 14 ಸೆಕೆಂಡು, 10ರಲ್ಲಿ ಸುಮಾರು 22 ಸೆಕೆಂಡು ಬೇಕು. 75ರಲ್ಲಿ ಓಡಿಸಿ ಬಂದ ಕಣ್ಣಿಗೆ 30 ಕೂಡ ತೆವಳಿದಂತೆ ಕಾಣುತ್ತದೆ, ಕಣ್ಣಂದಾಜು ನಂಬಬಾರದು. ತಿರುವಿನಲ್ಲಿ ಸ್ಪ್ಯಾನ್ ಗಿಡ್ಡ. ಎರಡು ಸ್ಪ್ಯಾನ್ ಸೇರಿದರೂ 150 ಮೀಟರ್ ಆಗದು, ಮೂರು ಬಿಡುತ್ತೇನೆ. ಡಬ್ಲ್ಯುಎಜಿ-9 ಎಂಜಿನ್ನಿನಲ್ಲಿ ವೇಗ ತಾನೇ ಕಾಯ್ದುಕೊಳ್ಳುವ ಬಿಪಿಸಿಎಸ್ ಗುಂಡಿಯನ್ನು ಈ ಹಂತದಲ್ಲಿ ಮುಟ್ಟುವುದಿಲ್ಲ. ಕೈಗೆ ಕೆಲಸವಿಲ್ಲದಿದ್ದರೆ ಕಣ್ಣೂ ಮಂಕಾಗುತ್ತದೆ.

ಲೋಕೋ ಪೈಲಟ್ ಕೂರುವುದು ಎಡಕ್ಕೆ. ಹೀಗಾಗಿ ಬಲಕ್ಕೆ ತಿರುಗುವ ತಿರುವಿನಲ್ಲಿ ಮುಂದಿನ ಗಾಡಿಯ ಎಲ್‌ವಿ ಬೋರ್ಡ್ (ಕೊನೆಯ ಬೋಗಿಯ ಗುರುತು), ರಾತ್ರಿಯಾದರೆ ಮಿನುಗುವ ಕೆಂಪು ಟೇಲ್ ಲ್ಯಾಂಪ್, ಮೊದಲು ಕಾಣುವುದು ಅಸಿಸ್ಟೆಂಟ್‌ಗೆ. ಅವರು ಎದ್ದು ನಿಂತು ನೋಡಬೇಕು. ‘ನಿಲ್ಲಿಸಿ ಸಾರ್’ ಎಂದರೆ ಯಾಕೆ ಎಂದು ಕೇಳದೆ ಎ-9 ಬ್ರೇಕ್ ಹಿಡಿ ಎಳೆಯುತ್ತೇನೆ, ಪ್ರಶ್ನೆ ಆಮೇಲೆ.

ಹಲವು ಸಿಗ್ನಲ್ ಕೆಟ್ಟಾಗ ಕೆಂಪು ಸಿಗ್ನಲ್ ದಾಟಲು ಅನುಮತಿ ಕೊಡುವ ಟಿ/ಎ 912 ಫಾರಂ ಕೈಗೆ ಬರುತ್ತದೆ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಬಳಿ ಗೂಡ್ಸ್ ಗಾಡಿ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿದಾಗಲೂ ಇದೇ ಫಾರಂ ಕೊಡಲಾಗಿತ್ತು. ಯಾವ ಸಿಗ್ನಲ್ ದಾಟಬಹುದು ಎಂದು ಅದರಲ್ಲಿ ಬರೆದಿರುತ್ತದೆ. ಮುಂದೆ ಹಳಿ ಖಾಲಿ ಇದೆಯೇ ಎಂಬುದನ್ನು ನಾವೇ ನೋಡಬೇಕು.

ಅತಿ ಹೆಚ್ಚು ತಪ್ಪಾಗುವುದು ಮುಂದಿನ ಸಿಗ್ನಲ್ ದೂರದಿಂದಲೇ ಹಸಿರು ಕಂಡಾಗ. ಆ ಹಸಿರು ಅದರಾಚೆಯ ಹಳಿಗೆ ಸೇರಿದ್ದು. ನಮಗೂ ಅದಕ್ಕೂ ನಡುವೆ ಗಾಡಿ ನಿಂತಿರಬಹುದು. ಆ ಕಂಬ ಮುಟ್ಟುವವರೆಗೂ 15ರಲ್ಲೇ ಹೋಗಿ, ಅಲ್ಲಿಗೆ ಬಂದ ಮೇಲೆ ನಾಚ್ ಏರಿಸುತ್ತೇನೆ.